ಮುದ್ರೆಯುಂಗುರ ಕೇಳುವ ಸರ್ವರ್

ಹೊಸ ಸರ್ವರ್‌ಗೆ ಪವರ್ ಕೊಟ್ಟಾಗ ಅದಕ್ಕೆ ಏನೂ ಗೊತ್ತಿರೋದಿಲ್ಲ. ಡಿಸ್ಕ್ ಖಾಲಿ, ಆಪರೇಟಿಂಗ್ ಸಿಸ್ಟಂ ಇಲ್ಲ, ಐಪಿ ವಿಳಾಸವೂ ಇಲ್ಲ. ಇರೋದು ನೆಟ್‌ವರ್ಕ್ ಕಾರ್ಡಿನ ಹಾರ್ಡ್‌ವೇರ್ ವಿಳಾಸ ಒಂದೇ. ಅದನ್ನೇ ಹಿಡಿದು ಇಡೀ ನೆಟ್‌ವರ್ಕಿಗೆ ಕೇಳೋ ಹಾಗೆ ಕೂಗುತ್ತೆ: ನಾನ್ಯಾರು? ಏನನ್ನು ಓಡಿಸಲಿ? ಉತ್ತರ ಕೊಟ್ಟವರು ಯಾರು ಅಂತ ವಿಚಾರಿಸದೆ ಅವರನ್ನು ನಂಬಿಬಿಡುತ್ತೆ.

ಈ ಮುಗ್ಧತೆ 1980ರ ದಶಕದ್ದು. ಆಗ ಡಿಸ್ಕ್ ಬಹಳ ದುಬಾರಿ. ಹಾಗಾಗಿ ಸನ್‌ನಂಥ ಕಂಪನಿಗಳು ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್ ಮಾರುತ್ತಿದ್ದವು. ಅವು ಎಚ್ಚರವಾಗಬೇಕಾದರೆ ನೆಟ್‌ವರ್ಕೇ ಗತಿ. ಫೈಲ್ ತರೋಕೆ 1981ರ ಟಿಎಫ್‌ಟಿಪಿ ಇತ್ತು. ಪುಟ್ಟ ರಾಮ್ ಚಿಪ್ಪಿನಲ್ಲೂ ಹಿಡಿಯುವಷ್ಟು ಸರಳ. ಯೂಸರ್‌ನೇಮ್, ಪಾಸ್‌ವರ್ಡ್ ಯಾವುದೂ ಇಲ್ಲ. 1985ರ ಸೆಪ್ಟೆಂಬರಿನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಬರೆದ ಬೂಟ್‌ಪಿ, ವಿಳಾಸವನ್ನೂ ಫೈಲಿನ ಹೆಸರನ್ನೂ ಒಂದೇ ಉತ್ತರದಲ್ಲಿ ಕೊಡುವ ದಾರಿ ತೋರಿಸಿತು. ಅದರ ಮೇಲೆ 1993ರಲ್ಲಿ ಡಿಎಚ್‌ಸಿಪಿ ಬಂತು. 1999ರಲ್ಲಿ ಇಂಟೆಲ್ ಇವೆಲ್ಲವನ್ನೂ ಕಟ್ಟಿ ಪಿಎಕ್ಸ್‌ಇ 2.1 ಅಂತ ಕೊಟ್ಟಿತು. ನಿಮ್ಮ ಆಫೀಸಿನ ಡೇಟಾ ಸೆಂಟರಿನಲ್ಲಿ ಇವತ್ತಿಗೂ ಬಹುಶಃ ಅದೇ ನಡೀತಿದೆ.

ಅಷ್ಟರೊಳಗೆ ಊರು ಕೆಟ್ಟಿತ್ತು. 1988ರ ನವೆಂಬರ್ 2ರಂದು ಕಾರ್ನೆಲ್‌ನ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್ ಸುಮಾರು 6,000 ಯಂತ್ರಗಳನ್ನು ಹಿಡಿಯಿತು ಅನ್ನೋದು ಆಗಿನ ಅಂದಾಜು. ಆಮೇಲೆ ಕಂಪನಿಗಳ ಸುತ್ತ ಫೈರ್‌ವಾಲ್ ಎದ್ದಿತು. ಗೋಡೆ ಎದ್ದ ಮೇಲೆ ಒಳಗಿನವರು ವೆಬ್ ನೋಡೋದು ಹೇಗೆ? ಅದಕ್ಕೆ 1994ರಲ್ಲಿ ಸರ್ನ್‌ನ ವೆಬ್ ಸರ್ವರ್‌ನಲ್ಲಿ ಪ್ರಾಕ್ಸಿ ಬಂತು. ಬಾಗಿಲಲ್ಲಿ ನಿಂತು ನಮ್ಮ ಪರವಾಗಿ ಹೊರಗಿನಿಂದ ಸಾಮಾನು ತಂದುಕೊಡುವ ಆಳು ಅನ್ನಿ. ಡೆಬಿಯನ್ ಇನ್‌ಸ್ಟಾಲರ್ ಇವತ್ತಿಗೂ ಪ್ರಾಕ್ಸಿ ವಿಳಾಸ ಕೇಳುತ್ತಲ್ಲ, ಅದರ ಮೂಲ ಇಲ್ಲಿದೆ.

ಹೀಗೆ ಎರಡು ಕಾಲಗಳು ಒಂದೇ ಕೇಬಲ್ಲಿನಲ್ಲಿ ಡಿಕ್ಕಿ ಹೊಡೆಯುತ್ತವೆ. ಇನ್‌ಸ್ಟಾಲರ್‌ಗೆ ಎಲ್ಲರ ಮೇಲೂ ನಂಬಿಕೆ, ಗೋಡೆಗೆ ಯಾರ ಮೇಲೂ ಇಲ್ಲ. ಜೊತೆಗೆ ಅನೇಕ ಕಂಪನಿಗಳ ಪ್ರಾಕ್ಸಿ ಎಚ್‌ಟಿಟಿಪಿಎಸ್ ಸಂಪರ್ಕವನ್ನೂ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಅಂಟಿಸಿ ಕಳಿಸುತ್ತೆ. ಹೊಸ ಯಂತ್ರಕ್ಕೆ ಆ ಸರ್ಟಿಫಿಕೇಟಿನ ಪರಿಚಯ ಇಲ್ಲ. ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತೆ.

ಇದಕ್ಕೆ ಉತ್ತರ ರಾಮಾಯಣದಲ್ಲೇ ಇದೆ. ಸನ್ಯಾಸಿ ವೇಷ ನಂಬಿ ಒಮ್ಮೆ ಮೋಸಹೋದ ಸೀತೆ, ಅಶೋಕವನದಲ್ಲಿ ಹನುಮಂತನನ್ನು ಸುಮ್ಮನೆ ನಂಬಲಿಲ್ಲ. ಮುದ್ರೆಯುಂಗುರ ನೋಡಿದ ಮೇಲೆ ನಂಬಿದಳು. 2003ರ ನವೆಂಬರಿನಲ್ಲಿ ಡೆಬಿಯನ್ ಯೋಜನೆಯ ಕೆಲವು ಸರ್ವರ್‌ಗಳಿಗೇ ಕನ್ನ ಬಿದ್ದಿತ್ತು. 2007ರ ಏಪ್ರಿಲಿನಲ್ಲಿ ಬಂದ ಡೆಬಿಯನ್ 4.0ರಲ್ಲಿ ಎಪಿಟಿ ತಾನೇ ಸಹಿ ಪರೀಕ್ಷಿಸತೊಡಗಿತು. ರಿಲೀಸ್ ಫೈಲಿಗೆ ಡಿಜಿಟಲ್ ಸಹಿ, ಅದರೊಳಗೆ ಪ್ಯಾಕೇಜ್ ಪಟ್ಟಿಗಳ ಚೆಕ್‌ಸಮ್, ಪಟ್ಟಿಯೊಳಗೆ ಪ್ರತಿ ಪ್ಯಾಕೇಜಿನ ಚೆಕ್‌ಸಮ್. ಸಹಿ ಗುರುತಿಸುವ ಕೀಲಿ ಇನ್‌ಸ್ಟಾಲರ್ ಜೊತೆಗೇ ಬರುತ್ತೆ. ಹಾಗಾಗಿ ಪ್ಯಾಕೇಜನ್ನು ಪ್ರಾಕ್ಸಿ ತರಲಿ, ಆಫೀಸಿನೊಳಗಿನ ಮಿರರ್ ಕೊಡಲಿ, ಬರೀ ಎಚ್‌ಟಿಟಿಪಿಯಲ್ಲೇ ಬರಲಿ, ನಡುದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ಸಿಕ್ಕಿಬೀಳ್ತಾರೆ. ಬೂಟ್ ಲೋಡರಿಗೂ ಇಂಥದೇ ಮುದ್ರೆ ಬೇಕು ಅಂತ ಬಂದದ್ದು ಸೆಕ್ಯೂರ್ ಬೂಟ್. 2012ರ ವಿಂಡೋಸ್ 8 ಅದನ್ನು ಮನೆಮನೆಗೆ ತಲುಪಿಸಿತು.

ಆದರೆ ರಾತ್ರಿ ಹನ್ನೊಂದಕ್ಕೆ, ಬೆಳಗ್ಗೆ ರಿಲೀಸ್ ಇದೆ ಅನ್ನುವಾಗ, ಪಕ್ಕದ ಸೀಟಿನಿಂದ ಸಲಹೆ ಬರುತ್ತೆ: "ಆ ಸಹಿ ಚೆಕ್ ಆಫ್ ಮಾಡು ಗುರು, ಕೆಲಸ ಆಗುತ್ತೆ." ಆಗುತ್ತೆ, ನಿಜ. ಒಂದೇ ಸಾಲಿನ ಬದಲಾವಣೆ. ಆದರೆ ಆ ಸಾಲು ಟೆಂಪ್ಲೇಟಿಗೆ ಸೇರುತ್ತೆ, ಟೆಂಪ್ಲೇಟಿನಿಂದ ಮುಂದಿನ ನೂರು ಸರ್ವರ್‌ಗಳಿಗೆ ಹೋಗುತ್ತೆ. ಆಮೇಲೆ ಅವುಗಳಲ್ಲಿ ಒಂದಾದರೂ ಉಂಗುರ ಕೇಳಲ್ಲ. ಅದಕ್ಕಿಂತ ನೆಟ್‌ವರ್ಕ್ ಟೀಮಿಗೆ ಒಂದು ಟಿಕೆಟ್ ಹಾಕಿ, ಒಳಗೇ ಒಂದು ಮಿರರ್ ಕೇಳಿ. ಎರಡು ದಿನ ತಡವಾಗಬಹುದು, ಆಗಲಿ ಬಿಡಿ.