ಬೆಳೆ ಎಷ್ಟಾಣೆ?

ಸುಗ್ಗಿ ಹತ್ತಿರವಾದಾಗ 'ಈ ವರುಷ ಬೆಳೆ ಎಷ್ಟಾಣೆ?' ಎಂದು ಕೇಳುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ತುಂಬಿದ ಬೆಳೆಗೆ ಹದಿನಾರಾಣೆ. ಅರ್ಧ ಕೈಗೆ ಹತ್ತಿದರೆ ಎಂಟಾಣೆ. ಈ ಎಣಿಕೆಗೆ ಆಣೆವಾರಿ ಎಂದು ಹೆಸರು. 1957ರಲ್ಲಿ ದಶಮಾನ ನಾಣ್ಯ ಬಂದು ಆಣೆ ಮರೆಯಾಯಿತು. ಆದರೂ ಮಹಾರಾಷ್ಟ್ರದಲ್ಲಿ ನೆಲಸಿದ ನಮ್ಮವರು ಬರಗಾಲದ ವರ್ಷಗಳಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ 'ಪೈಸೇವಾರಿ' ಎಂಬ ಮಾತನ್ನು ಓದಿಯೇ ಇರುತ್ತಾರೆ. ಅದು ಈ ಆಣೆವಾರಿಯ ಮಗಳೇ ಸರಿ.

ಆಣೆಯನ್ನು ನಿರ್ಣಯಿಸುತ್ತಿದ್ದವರು ಯಾರು? ಪಟೇಲರು, ಶ್ಯಾನುಭೋಗರು, ಕುಲಕರ್ಣಿಗಳು. ಹೊಲದ ಬದುವಿನ ಮೇಲೆ ನಿಂತು ಕಣ್ಣಂದಾಜಿನಿಂದ ಹೇಳಿದ್ದೇ ಲೆಕ್ಕ. ಬೆಳೆ ಕಡಿಮೆಯೆಂದು ಬರೆದರೆ ಕಂದಾಯದ ಮಾಫಿಗೆ ದಾರಿಯಾಗುತ್ತಿದ್ದುದರಿಂದ, ಆಣೆ ಇಳಿಸಿ ಬರೆಯುವ ಒಲವು ಸಹಜವಾಗಿಯೇ ಇತ್ತು. ಆದರೆ 1943ರ ಬಂಗಾಳದ ಕ್ಷಾಮವು, ದೇಶದಲ್ಲಿ ಧಾನ್ಯ ಎಷ್ಟಿದೆಯೆಂದು ತಿಳಿಯದಿದ್ದರೆ ಆಗುವ ಅನಾಹುತವೇನೆಂಬುದನ್ನು ಎಲ್ಲರಿಗೂ ಮನಗಾಣಿಸಿತು.

ಆ ದಶಕದಲ್ಲಿಯೇ ಪಿ. ವಿ. ಸುಖಾತ್ಮೆ, ವಿ. ಜಿ. ಪಾನ್ಸೆ ಮೊದಲಾದ ಸಂಖ್ಯಾಶಾಸ್ತ್ರಜ್ಞರು ಬೆಳೆ ಕಟಾವು ಪ್ರಯೋಗವನ್ನು ನೆಲೆಗೊಳಿಸಿದರು. ಬಂಗಾಳದಲ್ಲಿ ಪಿ. ಸಿ. ಮಹಾಲನೋಬಿಸರು ಅದಕ್ಕೂ ಮುಂಚೆಯೇ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆಗೆ ಕೈಹಾಕಿದ್ದರು. ಈ ಪ್ರಯೋಗದ ಕ್ರಮ ಸರಳ. ಚೀಟಿ ಎತ್ತಿದಂತೆ ಹಳ್ಳಿಯನ್ನೂ ಹೊಲವನ್ನೂ ಹೊಲದೊಳಗಿನ ಜಾಗವನ್ನೂ ಆರಿಸಬೇಕು. ಯಾರ ಇಷ್ಟಕ್ಕೂ ಎಡೆಯಿಲ್ಲ. ಅಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಒಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಬೇಕು. ಮೊದಲಲ್ಲಿ 33 ಅಡಿ ಉದ್ದ, ಹದಿನಾರೂವರೆ ಅಡಿ ಅಗಲದ ತುಂಡು, ಎಂದರೆ ಎಕರೆಯ 80ರಲ್ಲಿ ಒಂದು ಪಾಲು, ರೂಢಿಯಲ್ಲಿತ್ತು.

ತುಂಡು ತೀರ ಚಿಕ್ಕದಾದರೆ ಏನಾಗುತ್ತದೆ? ಹಗ್ಗದ ಅಂಚಿಗೆ ನಿಂತ ಪೈರು ಒಳಗೋ ಹೊರಗೋ ಎಂಬ ಸಂದೇಹ ಬಂದಾಗ ಕೊಯ್ಯುವವನ ಕೈ ಅದನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ. ಚಿಕ್ಕ ತುಂಡುಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆಂದು ಸುಖಾತ್ಮೆಯವರು ಸಿದ್ಧಪಡಿಸಿದರು. ಇಂದು ಐದು ಮೀಟರ್ ಚೌಕದ ತುಂಡಿನಲ್ಲಿ ಒಂದು ಕಿಲೋ ಹೆಚ್ಚು ತೂಗಿದರೆ, ಹೆಕ್ಟೇರಿನ ಲೆಕ್ಕದಲ್ಲಿ ಅದು 400 ಕಿಲೋ ಆಗಿ ಕುಳಿತುಕೊಳ್ಳುತ್ತದೆ. ಹಗ್ಗದಂಚಿನ ಕೆಲವು ತೆನೆಗಳು ಕಾಗದದ ಮೇಲೆ ನಾಲ್ಕು ಕ್ವಿಂಟಾಲ್ ಆಗುವ ಚಮತ್ಕಾರವಿದು!

ಸ್ವಾತಂತ್ರ್ಯಾನಂತರ ಹಳ್ಳಿಗಳಿಗೆ ನೆರವು ಹರಿಯತೊಡಗಿದಾಗ ಈ ಅಳತೆಗೆ ಹೊಸ ಮಹತ್ವ ಬಂದಿತು. 1952ರ ಅಕ್ಟೋಬರ್ 2ರಂದು, ಅಮೆರಿಕದ ಸಹಾಯವನ್ನೂ ಕೂಡಿಕೊಂಡು, 55 ಸಮುದಾಯ ವಿಕಾಸ ಯೋಜನೆಗಳು ಆರಂಭವಾದುವು. ಅವುಗಳ ಫಲವನ್ನು ಪರೀಕ್ಷಿಸಲೆಂದು ಅದೇ ತಿಂಗಳು ಯೋಜನಾ ಆಯೋಗದಡಿ ಒಂದು ಪ್ರತ್ಯೇಕ ಮೌಲ್ಯಮಾಪನ ಸಂಸ್ಥೆ ಹುಟ್ಟಿತು. ಪುಣೆಯ ಅರ್ಥಶಾಸ್ತ್ರಜ್ಞ ಡಿ. ಜಿ. ಕರ್ವೆಯವರು ಅದರ ಮೊದಲ ನಿರ್ದೇಶಕರು. ಕೆಲಸ ಮಾಡುವವರೇ ತಮ್ಮ ಕೆಲಸಕ್ಕೆ ಅಂಕ ಹಾಕಿಕೊಳ್ಳಬಾರದೆಂಬ ವಿವೇಕ ಅದರಲ್ಲಿತ್ತು. ಗ್ರಾಮಸೇವಕನು ತೋಡಿಸಿದ ಗೊಬ್ಬರದ ಗುಂಡಿ, ಹಂಚಿದ ಬೀಜ, ನಡೆಸಿದ ಸಭೆ, ಇವುಗಳನ್ನು ಎಣಿಸುವುದು ಸುಲಭ. ರೈತನ ಕಣಜಕ್ಕೆ ಬಂದುದೆಷ್ಟೆಂದು ಹೇಳುವುದು ಕಷ್ಟ. ಸುಲಭವಾದುದನ್ನು ಎಣಿಸಿ ಕಷ್ಟವಾದುದನ್ನು ಊಹಿಸಿಕೊಂಡರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆಯೇ.

1959ರಲ್ಲಿ ಫೋರ್ಡ್ ಪ್ರತಿಷ್ಠಾನದ ತಜ್ಞರು ದೇಶದ ಆಹಾರ ಸಂಕಟವನ್ನು ಕುರಿತು ವರದಿ ಕೊಟ್ಟರು. ಅದರ ಫಲವಾಗಿ 1960-61ರಿಂದ ಆಯ್ದ ಜಿಲ್ಲೆಗಳಲ್ಲಿ 'ಪ್ಯಾಕೇಜ್ ಕಾರ್ಯಕ್ರಮ' ನಡೆಯಿತು. ತಂಜಾವೂರು, ಪಶ್ಚಿಮ ಗೋದಾವರಿ, ಲೂಧಿಯಾನ ಮೊದಲ ಪಂಕ್ತಿಯಲ್ಲಿದ್ದುವು. ಮುಂದಿನ ಪಂಕ್ತಿಯಲ್ಲಿ ನಮ್ಮ ಮಂಡ್ಯವೂ ಸೇರಿತು. ಬೀಜ, ಗೊಬ್ಬರ, ಸಾಲ, ಸಲಹೆ, ಎಲ್ಲವೂ ಒಟ್ಟಿಗೆ ಸಿಕ್ಕಬೇಕೆಂಬುದು ಅದರ ತತ್ತ್ವ. ಆರಂಭದ ವರ್ಷಗಳಲ್ಲಿ ಗೊಬ್ಬರದ ಮತ್ತು ಸಾಲದ ಅಂಕಿಗಳು ಬೇಗ ಏರಿದುವು. ಇಳುವರಿಯ ಅಂಕಿ ಅದೇ ವೇಗದಲ್ಲಿ ಏರಲಿಲ್ಲ, ಎಲ್ಲ ಜಿಲ್ಲೆಗಳಲ್ಲಿ ಒಂದೇ ತೆರನಾಗಿಯೂ ಏರಲಿಲ್ಲ.

ರೈತನು ಸೋಮಾರಿಯೆಂದು ಆಗ ತೀರ್ಪು ಕೊಟ್ಟಿದ್ದರೆ ಅನ್ಯಾಯವಾಗುತ್ತಿತ್ತು. ಹಳೆಯ ಎತ್ತರದ ತಳಿಗಳಿಗೆ ಹೆಚ್ಚು ಗೊಬ್ಬರ ಹಾಕಿದರೆ ಪೈರು ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿತ್ತು. ಗೊಬ್ಬರವನ್ನು ತಾಳಿಕೊಳ್ಳುವ ಗಿಡ್ಡ ತಳಿಗಳು ದೊಡ್ಡ ಪ್ರಮಾಣದಲ್ಲಿ ಬಂದುದು 1966ರ ಸುಮಾರಿಗೆ. ಆ ವರ್ಷ ಮೆಕ್ಸಿಕೋದಿಂದ 18,000 ಟನ್ ಗೋದಿಯ ಬೀಜವನ್ನು ತರಿಸಲಾಯಿತು. ಇತ್ತ 1965-66 ಮತ್ತು 1966-67 ಬರದ ವರ್ಷಗಳು. ಹಿಂದಿನ ವರ್ಷದೊಡನೆ ಹೋಲಿಸಿದರೆ ಒಳ್ಳೆಯ ಕೆಲಸವೂ ಸೋತಂತೆ ಕಾಣುತ್ತದೆ. ಮಳೆ ಚೆನ್ನಾಗಿ ಬಿದ್ದರೆ ಕೆಟ್ಟ ಕೆಲಸವೂ ಗೆದ್ದಂತೆ ಕಾಣುತ್ತದೆ. ಆದ್ದರಿಂದ ನೆರವು ಸಿಕ್ಕ ಹೊಲವನ್ನು ಅದೇ ಮಳೆ ಬಿದ್ದ, ನೆರವು ಸಿಕ್ಕದ ನೆರೆಯ ಹೊಲದೊಡನೆ ತೂಗಿ ನೋಡಬೇಕು. ಊರಿನ ಜಾಣ ರೈತನ ನೀರಾವರಿ ಗದ್ದೆಯನ್ನು ಪ್ರಾತ್ಯಕ್ಷಿಕೆಗೆ ಆರಿಸಿ, ಆ ಇಳುವರಿಯನ್ನೇ ಊರಿನ ಇಳುವರಿಯೆನ್ನುವುದಂತೂ ಸಲ್ಲದು.

ಇನ್ನೊಂದು ತೊಡಕು ಸರಾಸರಿಯದು. ಬ್ಯಾಂಕಿನ ಲೆಡ್ಜರಿನ ಮುಂದೆ ದಿನ ಕಳೆಯುವ ನಮಗೆ ಇದು ಚೆನ್ನಾಗಿ ಗೊತ್ತು: ಸಾಲ ಬಟವಾಡೆಯಾದುದು ಪುಸ್ತಕದಲ್ಲಿ ಕಾಣುತ್ತದೆ, ಅದು ಯಾರ ಗದ್ದೆಯಲ್ಲಿ ಏನಾಯಿತೆಂಬುದು ಕಾಣುವುದಿಲ್ಲ. ಇಪ್ಪತ್ತು ಎಕರೆಯವನ ಫಸಲು ಎರಡರಷ್ಟಾಗಿ ಒಂದೆಕರೆಯವನದು ಇದ್ದಲ್ಲೇ ಇದ್ದರೂ ಊರಿನ ಸರಾಸರಿ ಏರುತ್ತದೆ. ಈ ಸತ್ಯ ಮನವರಿಕೆಯಾಗಲು ದಶಕವೇ ಹಿಡಿಯಿತು. 1969ರಲ್ಲಿ ವೆಂಕಟಪ್ಪಯ್ಯನವರ ಗ್ರಾಮೀಣ ಸಾಲ ಸಮಿತಿಯು ಸಣ್ಣ ರೈತರಿಗಾಗಿಯೇ ಬೇರೆ ಏಜೆನ್ಸಿ ಬೇಕೆಂದು ಹೇಳಿತು. ಅದೇ ವರ್ಷ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು.

ಬೆಳೆ ತೂಗಿದರೂ ಕಾಣದ ಫಲವೊಂದಿದೆ. 1954-56ರಲ್ಲಿ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದುಷಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಒಂದಕ್ಕೆ ಕಾಲುವೆಯ ನೀರು ಬಂದು ಕಬ್ಬು ಬೆಳೆಯಿತು. ಕೈಯಲ್ಲಿ ಹಣ ಓಡಾಡಿದರೂ ಊರಿನ ಹಳೆಯ ಕಟ್ಟುಪಾಡು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಇನ್ನೊಂದರ ನೆಲ ಒಣಗಿಯೇ ಇತ್ತು. ಆ ಊರಿನವರು ಸುತ್ತಣ ನೀರಾವರಿಯ ಸಮೃದ್ಧಿಯನ್ನು ಹಿಡಿದು ಗಾಡಿ, ವ್ಯಾಪಾರ, ಮಂಡ್ಯದ ನೌಕರಿಗಳಿಗೆ ಹೊರಟರು. ಹೆಚ್ಚಿನ ಸಾಮಾಜಿಕ ಬದಲಾವಣೆ ಕಂಡುದು ಈ ಒಣ ಹಳ್ಳಿಯಲ್ಲಿ! ಅಲ್ಲಿ ಹಗ್ಗ ಕಟ್ಟಿ ಪೈರು ಕೊಯ್ದಿದ್ದರೆ ಏನೂ ಆಗಿಲ್ಲವೆಂದೇ ಬರೆಯಬೇಕಾಗುತ್ತಿತ್ತು. ಊರು ಬಿಟ್ಟು ಬಂದು ನಗರದಲ್ಲಿ ನೆಲೆ ಕಂಡ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಹಳೆಯ ಕಥೆಯೆಂದು ತಿಳಿಯಬಾರದು. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. 2016ರಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ಕಟಾವಿನ ತೂಕವನ್ನು ಆಧರಿಸಿ ಪರಿಹಾರ ಸಿಕ್ಕುತ್ತದೆ. ಊರಿನಲ್ಲಿ ನಮ್ಮ ಪಾಲಿನ ನೆಲವನ್ನು ಉಳುತ್ತಿರುವ ಅಣ್ಣತಮ್ಮಂದಿರ ಭಾಗ್ಯ ಆ ಐದು ಮೀಟರ್ ಚೌಕದ ಮೇಲೆ ನಿಂತಿರಬಹುದು. ಸುಗ್ಗಿಗೆ ಊರಿಗೆ ಹೋದಾಗ, ಹಗ್ಗ ಕಟ್ಟುವ ಹೊತ್ತಿಗೆ ರೈತನೂ ಅಲ್ಲಿ ನಿಂತಿದ್ದನೇ, ತೂಕವನ್ನು ಅವನಿಗೆ ತೋರಿಸಿದರೇ ಎಂದು ನಾವು ಕೇಳೋಣ. ನೆರವು ಕೊಡುವುದು ದೊಡ್ಡ ಗುಣ. ಅದನ್ನು ನೇರವಾಗಿ ಅಳೆಯುವುದು ಅದಕ್ಕಿಂತ ಚಿಕ್ಕ ಗುಣವೇನಲ್ಲ.