ಕೆರೆಯ ತೂಬು ಮತ್ತು ಮಾದರಿ ವಿಮಾನದ ಇಂಧನ ಪಂಪು

ಯಂತ್ರಗಳ ಇತಿಹಾಸವನ್ನು ಬರೆಯುವವರಲ್ಲಿ, ಅನಂತರ ಬಂದುದು ಮುಂಚಿನದಕ್ಕಿಂತ ಮೇಲಾದುದೆಂದು ಮೊದಲೇ ಗ್ರಹಿಸಿಬಿಡುವ ರೂಢಿಯುಂಟು. ಈ ಗ್ರಹಿಕೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಕಂಟ್ರೋಲ್ ಲೈನ್ ಮಾದರಿ ವಿಮಾನದ ಇಂಧನ ಪಂಪಿನ ನಿದರ್ಶನದಿಂದ ಪರೀಕ್ಷಿಸುವುದು ನಮ್ಮ ಉದ್ದೇಶ. ಎನ್.ಸಿ.ಸಿ. ವಾಯುದಳದ ವಿದ್ಯಾರ್ಥಿಗಳಿಗೆ ಈ ವಿಮಾನ ಅಪರಿಚಿತವಲ್ಲ. ಹಾರಿಸುವವನು ಎರಡು ತಂತಿಗಳ ಹಿಡಿಯನ್ನು ಹಿಡಿದು ನಡುವೆ ನಿಲ್ಲುತ್ತಾನೆ. ವಿಮಾನವು ಅವನನ್ನು ಸುತ್ತುತ್ತ, ತಂತಿಗಳ ಎಳೆತಕ್ಕೆ ಅನುಗುಣವಾಗಿ ಏರಿಳಿಯುತ್ತದೆ.

ಇದನ್ನು 1940ರ ಸುಮಾರಿಗೆ ಪ್ರಚಾರಕ್ಕೆ ತಂದವನು ಅಮೆರಿಕದ ಜಿಮ್ ವಾಕರ್. ಆತನು ಪೇಟೆಂಟನ್ನೂ ಪಡೆದಿದ್ದನು. ಆದರೆ 1955ರ ವ್ಯಾಜ್ಯದಲ್ಲಿ, ಒಬಾ ಸೇಂಟ್ ಕ್ಲೇರ್ ಎಂಬವನು ಅದಕ್ಕೂ ಮುಂಚೆಯೇ ಇಂತಹ ವಿಮಾನವನ್ನು ಹಾರಿಸಿದ್ದನೆಂಬ ಸಂಗತಿ ಹೊರಬಿದ್ದಿತು. ಮೊದಲಿಗನಾರೆಂಬ ಪ್ರಶ್ನೆ, ತೇದಿಯಿಲ್ಲದ ಶಾಸನದ ಕಾಲನಿರ್ಣಯದಷ್ಟೇ ತೊಡಕಿನದು! 1947ರಲ್ಲಿ ರೇ ಆರ್ಡೆನ್ನನ ಗ್ಲೋ ಪ್ಲಗ್ ಮಾರುಕಟ್ಟೆಗೆ ಬಂದ ಮೇಲೆ ಪೆಟ್ರೋಲಿನ ಸ್ಥಾನವನ್ನು ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣವು ಆಕ್ರಮಿಸಿತು.

ಇನ್ನು ಮುಖ್ಯ ಸಮಸ್ಯೆ. 60 ಅಡಿ ತಂತಿಯ ತುದಿಯಲ್ಲಿ ಸೆಕೆಂಡಿಗೆ 80 ಅಡಿಯಂತೆ ಹಾರುವ ವಿಮಾನದ ಟ್ಯಾಂಕಿನೊಳಗಣ ಇಂಧನವನ್ನು ಗುರುತ್ವದ ಮೂರು ಪಟ್ಟಿಗೂ ಮಿಗಿಲಾದ ಅಪಕೇಂದ್ರ ಬಲವು ಹೊರಮಗ್ಗುಲಿಗೆ ಒತ್ತುತ್ತದೆ. ಎರಡು ಅಂಗುಲ ಅಗಲದ ಟ್ಯಾಂಕು ಆಗ ಆರು ಅಂಗುಲಕ್ಕೂ ಹೆಚ್ಚು ಆಳದ ಕೆರೆಯಂತೆ ವರ್ತಿಸುತ್ತದೆಂದರೆ ಉತ್ಪ್ರೇಕ್ಷೆಯಲ್ಲ. ಇಂಧನ ಖರ್ಚಾದಂತೆಲ್ಲ ಒತ್ತಡ ತಗ್ಗಿ, ಮಿಶ್ರಣದಲ್ಲಿ ಇಂಧನದ ಅಂಶ ಕಡಮೆಯಾಗಿ, ಎಂಜಿನು ಕಾವೇರುತ್ತದೆ.

ಶಿಕಾರಿಪುರ, ಸೊರಬಗಳ ರೈತನಿಗೆ ಇದು ಹೊಸ ಮಾತಲ್ಲ. ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದುದನ್ನು ಹೇಳುವ, ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಇಲ್ಲಿಯದೇ. ಕೆರೆ ತುಂಬಿದಾಗ ತೂಬಿನಿಂದ ನುಗ್ಗುವ ನೀರು, ಕೆರೆ ಬತ್ತಿದಂತೆ ರಭಸ ಕಳೆದುಕೊಳ್ಳುವುದನ್ನು ಈ ಸೀಮೆಯವರು ತಲೆತಲಾಂತರದಿಂದ ಕಂಡಿದ್ದಾರೆ. ಆಗ ನೀರುಗಂಟಿಯು ತೂಬನ್ನು ಇನ್ನಷ್ಟು ತೆರೆಯುತ್ತಾನೆ. ಹಾರುವ ವಿಮಾನದಲ್ಲಿ ನೀರುಗಂಟಿಯಿಲ್ಲ. ನೆಲ ಬಿಟ್ಟ ಮೇಲೆ ನೀಡಲ್ ವಾಲ್ವನ್ನು ತಿರುಗಿಸುವವರಾರು?

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಅತ್ಯಂತ ಸರಳವಾದುದು ಯೂನಿಫ್ಲೋ ಟ್ಯಾಂಕು. ಗಾಳಿ ಒಳಬರುವ ಕೊಳವೆಯ ಬಾಯನ್ನು, ಇಂಧನ ಹೀರುವ ಕೊಳವೆಯ ಬಾಯಿಯ ಹತ್ತಿರವೇ ಇಡುವುದಷ್ಟೆ ಇದರ ಗುಟ್ಟು. ಆ ಬಾಯಿ ಇಂಧನದಲ್ಲಿ ಮುಳುಗಿರುವವರೆಗೆ, ಮಟ್ಟ ಎಷ್ಟೇ ಇಳಿಯಲಿ, ಒತ್ತಡ ಹೆಚ್ಚುಕಡಮೆ ಏಕರೀತಿಯಾಗಿರುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಮಾರಿಯಟ್ಟನ ಹೆಸರಿನ ಸೀಸೆಯ ತತ್ತ್ವವೂ ಇದೇ. ವೇಗದ ಸ್ಪರ್ಧೆಯವರೂ ಕಾಳಗದ ಸ್ಪರ್ಧೆಯವರೂ ಇಂಧನವನ್ನು ಉಬ್ಬಿದ ರಬ್ಬರು ಚೀಲದಲ್ಲಿ ತುಂಬಿ, ಅದರ ಬಿಗಿತದಿಂದಲೇ ಎಂಜಿನಿಗೆ ಒತ್ತಿದರು.

ನಿಜವಾದ ಪಂಪು ಬಂದುದು ಇವುಗಳ ತರುವಾಯ. ಪೆರ್ರಿ ಪಂಪುಗಳಲ್ಲಿ ಒಂದು ಬಗೆಯದು ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ನಡೆದರೆ, ಇನ್ನೊಂದು ಎಂಜಿನಿನ ಕಂಪನದಿಂದಲೇ ನಡೆಯುತ್ತದೆ. ಎರಡನೆಯದರ ಯುಕ್ತಿ ಮೆಚ್ಚತಕ್ಕದ್ದೇ. ಟ್ಯಾಂಕು ಎಂಜಿನಿಗೆ ದೂರವಿರುವ, ನಿಯತ ವೃತ್ತವಿಲ್ಲದೆ ಎತ್ತೆತ್ತಲೋ ಹೊರಳುವ ರೇಡಿಯೋ ವಿಮಾನಗಳಲ್ಲಿ ಪಂಪಿಗೆ ಯೋಗ್ಯ ಸ್ಥಾನ ದೊರೆಯಿತು. ಕಂಟ್ರೋಲ್ ಲೈನಿನಲ್ಲಿ ಅದನ್ನು ಬಳಸಿದವರಿದ್ದರೂ ಅದು ರೂಢಿಯಾಗಲಿಲ್ಲ. ಟ್ಯಾಂಕು ಎಂಜಿನಿನ ಬೆನ್ನಿಗೇ ಇರುವುದರಿಂದಲೂ ಬಲದ ದಿಕ್ಕು ಬಹುಮಟ್ಟಿಗೆ ಗೊತ್ತಿರುವುದರಿಂದಲೂ ಹೆಚ್ಚಿನ ಭಾರ ಹೊರುವ ಅಗತ್ಯ ಬೀಳಲಿಲ್ಲ. ಅಲ್ಲದೆ, ಸಮಹಾರಾಟದಲ್ಲಿ ಇಂಧನ ಹೆಚ್ಚಾಗಿ ಮಂದವಾಗಿ ಓಡಿ, ಏರುವಾಗ ತಾನಾಗಿಯೇ ಚುರುಕಾಗುವ ಎಂಜಿನನ್ನು ಕಸರತ್ತಿನ ಹಾರಾಟಗಾರರು ಬಯಸಿದರು. ಸಂಪೂರ್ಣ ಸಮತೆ ಅವರಿಗೆ ಬೇಕಾಗಿರಲಿಲ್ಲ. ಪಂಪು ಸೋತಿತೆನ್ನುವುದು ತಪ್ಪು. ಅದು ಬಿಡಿಸಬಲ್ಲ ತೊಡಕು ಅಲ್ಲಿರಲಿಲ್ಲವೆಂಬುದೇ ನಮ್ಮ ಅಭಿಪ್ರಾಯ. 2000ದ ಈಚೆಗೆ ವಿದ್ಯುತ್ ಮೋಟಾರನ್ನು ಹಿಡಿದವರಿಗಂತೂ ಟ್ಯಾಂಕೂ ಬೇಡ, ಪಂಪೂ ಬೇಡ.

ಇದೇ ಸೀಮೆಯಲ್ಲಿ ಈಚೆಗೆ ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿಯಂತಹ ಯೋಜನೆಗಳು ಹೊಳೆಯ ನೀರನ್ನು ಪಂಪಿನಿಂದೆತ್ತಿ ಕೆರೆಗಳಿಗೆ ತುಂಬಿಸುತ್ತಿವೆ. ಅಲ್ಲಿ ಏರಿಸಬೇಕಾದ ಎತ್ತರವಿರುವುದರಿಂದ ಪಂಪು ಅನಿವಾರ್ಯ. ಕೆರೆಯಿಂದ ಕೆಳಗಿನ ಗದ್ದೆಗೆ ನೀರಿಳಿಸುವ ಕೆಲಸ ಮಾತ್ರ ತೂಬಿನದೇ.