ಕಾರ್ಡು ಇಲ್ಲಿ, ದುಡಿಮೆ ಅಲ್ಲಿ

ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಗೋವಾಕ್ಕೆ ಗುಳೆ ಹೋಗುವುದು ಹೊಸದಲ್ಲ. 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೆ ಅಲ್ಲಿನ ರಸ್ತೆ, ಕಟ್ಟಡಗಳಿಗೆ ನಮ್ಮವರೂ ಬೆವರು ಸುರಿಸಿದರು. ಆದರೂ ಅಲ್ಲಿ ಅವರು ‘ಘಾಟಿ’ಗಳು. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದವರೂ ಇದ್ದರು.

ಶಾಲೆ ಬಿಟ್ಟುಹೋದ ಹುಡುಗಿಯೊಬ್ಬಳನ್ನು ಹುಡುಕಿಕೊಂಡು ಹೋದಾಗ ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು.

“ನೀವೊಬ್ಬರ ಯಾಕ ಉಳದ್ರಿ, ಯಮ್ಮಾ?”

“ಕಾರ್ಡು ಇಲ್ಲೈತ್ರಿ ಅಕ್ಕೋರ, ದುಡಿಮಿ ಅಲ್ಲೈತಿ. ರೇಶನ್ ತರಾಕ ಒಬ್ಬರು ಇರಬೇಕಲ್ರಿ.”

2020ರ ಜನವರಿ 1ರಿಂದ ಕರ್ನಾಟಕ, ಗೋವಾ ಸೇರಿ 12 ರಾಜ್ಯಗಳಲ್ಲಿ ಎಲ್ಲಿದ್ದರೂ ಪಡಿತರ ಪಡೆಯುವ ವ್ಯವಸ್ಥೆ ಬಂತು. ಬಿಹಾರವೂ ಆಮೇಲೆ ಸೇರಿತು. ಕಾರ್ಡೇನೋ ಗಡಿ ದಾಟಿತು. ಆದರೆ ಅಕ್ಕಂದಿರೇ, ಬಿಹಾರದ ಕೂಲಿಯ ಹೆಣ್ಣುಮಗಳು ಗದಗಿನ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತರೆ, ಸರಿದು ಜಾಗ ಕೊಡುತ್ತೇವೆಯೇ ನಾವು?